ಅಂಬಾಯಿಯ ಆಯ್ಕೆ ಪುಟ

ಅಂಬಾಯಿಯ ಎಡಗೈಯನ್ನು ಮೊಣಕೈಯ ಕೆಳಗೆ ಕತ್ತರಿಸಿ ತೆಗೆಯುವಾಗ ಅವನ ತಲೆಯನ್ನು ಹಿಡಿದುಕೊಂಡಿದ್ದವಳು ನಾನು. ನ್ಯೂಗಿನಿಯ ಬೆಟ್ಟನಾಡಿನ ನಮ್ಮ ಆಸ್ಪತ್ರೆಯಲ್ಲಿ ನಾನು ನರ್ಸ್, ಅವನು ದಾಖಲೆ ಗುಮಾಸ್ತ.

ಆ ವರ್ಷ ಗೆಣಸಿನ ತೋಟದ ಗಡಿಗಾಗಿ ಯಾಮೊ ಮತ್ತು ಟಿಂಡಾಪ ಎಂಬ ಎರಡು ಕುಲಗಳು ಹೊಡೆದಾಡುತ್ತಿದ್ದವು. ಅಂಬಾಯಿ ಎರಡಕ್ಕೂ ಸೇರಿದವನಲ್ಲ, ಪಕ್ಕದ ಕಣಿವೆಯವನು. ಹೆಂಡತಿ ಪಸೋನೆ ಮಾತ್ರ ಯಾಮೊ. ಬಾಣ ನಾಟಿಸಿಕೊಂಡವರು, ಗುಂಡು ತಗುಲಿದವರು, ಮಚ್ಚಿನೇಟು ತಿಂದವರು ದಿನವೂ ಬರುತ್ತಿದ್ದರು. ಎಲ್ಲರನ್ನೂ ಅವನು ಕಂಪ್ಯೂಟರಿನ ಒಂದು ಉದ್ದನೆಯ ಎಕ್ಸೆಲ್ ಹಾಳೆಗೆ ಏರಿಸುತ್ತಿದ್ದ. ಪ್ರಾಂತ್ಯದ ಕಚೇರಿಯವರು ಒಂದು ದಿನ ಗುಂಡೇಟಿನ ಲೆಕ್ಕ ಕೇಳಿದರೆ ಮರುದಿನ ಹೆಂಗಸರ ಲೆಕ್ಕ ಕೇಳುವರು. ಪ್ರತಿ ಸಲ ಆ ಹಾಳೆಯನ್ನೇ ಸೋಸಬೇಕಿತ್ತು. ಒಮ್ಮೆ ಹಾಗೆ ಸೋಸಲು ಹೋಗಿ ಯಾರೋ ಸಾಲುಗಳನ್ನು ಅದಲುಬದಲು ಮಾಡಿದರು. ಸತ್ತವನೊಬ್ಬನ ತಾಯಿಗೆ ಮಗ ಬದುಕಿದ್ದಾನೆಂದು ಹೇಳಿಬಿಟ್ಟೆವು. ಅವಳು ಬೇಯಿಸಿದ ಗೆಣಸು ಹಿಡಿದುಕೊಂಡು ವಾರ್ಡಿನಿಂದ ವಾರ್ಡಿಗೆ ಅಲೆದಳು.

ಅದಾದ ಮೇಲೆ ಅಂಬಾಯಿ ಮೂಲ ಹಾಳೆಯನ್ನು ಯಾರೂ ಮುಟ್ಟದಂತೆ ಬಂದೋಬಸ್ತು ಮಾಡಿ, ಬೇರೆಯೇ ಒಂದು ಆಯ್ಕೆ ಪುಟ ಕಟ್ಟಿದ. ತಿಂಗಳು, ಗಾಯ, ಊರು ಎಂದು ಮೂರು ಚೌಕ. ಬೇಕಾದ್ದನ್ನು ಆರಿಸಿದರೆ ಕೆಳಗೆ ಅಷ್ಟೇ ಜನರ ಪಟ್ಟಿ ಹೆಸರು, ವಾರ್ಡು ಸಮೇತ ಬಂದು ನಿಲ್ಲುತ್ತಿತ್ತು. ಜಗಳದಲ್ಲಿ ಮನೆ ಸುಟ್ಟುಹೋದವರಿಗೆ ಡೇರೆ ಹಂಚಲು ಊರಿನ ಹೆಸರು ಬೇಕೆಂದು ಕಚೇರಿಯವರೇ ಹೇಳಿದ್ದರು. ಅಂಬಾಯಿಗೆ ಅದರ ಮೇಲೆ ಬಹಳ ಹೆಮ್ಮೆ, ಬಂದವರಿಗೆಲ್ಲ ತೋರಿಸುವನು. ಗಾಯಗೊಂಡ ಗೆಳೆಯನನ್ನು ಸೇರಿಸಲು ಬಂದ ಪಸೋನೆಯ ಅಣ್ಣ ಕೆಪಾಸನಿಗೂ ತೋರಿಸಿದ್ದ.

ಒಂದು ಮಧ್ಯಾಹ್ನ ಬ್ಯಾಂಡೇಜಿನ ಲೆಕ್ಕಕ್ಕೆಂದು ನಾನು ದಾಖಲೆ ಕೋಣೆಗೆ ಹೋಗಿದ್ದೆ. ಗೇಟಿನ ಕಾವಲುಗಾರನ ಕೂಗು ಅರ್ಧಕ್ಕೇ ನಿಂತಿತು. ಮುಖಕ್ಕೆ ಇದ್ದಿಲು ಬಳಿದುಕೊಂಡವರು ಒಳನುಗ್ಗಿದರು. ಮುಂದಿದ್ದ ಕೆಪಾಸನ ಕೈಯಲ್ಲಿ ಬಂದೂಕು. ಹಿಂದಿನವನ ಮಚ್ಚಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು.

“ಅಂಬಾಯಿ, ಟಿಂಡಾಪರ ಊರು ಒತ್ತು. ಯಾರ್ಯಾರು ಎಲ್ಲಿ ಮಲಗವ್ರೆ ನೋಡ್ಬೇಕು.”

“ಕೆಟ್ಟೋಗಿದೆ ಭಾವ.”

“ಹಂದಿ ತೆರ ಕೊಟ್ಟು ನಮ್ ತಂಗೀನ ತಂದೋನು ನೀನು. ನಮ್ಮೋನಾ, ಅವರೋನಾ? ಒತ್ತೋ.”

“ಇದು ಆಸ್ಪತ್ರೆ. ನಿನ್ ಕಡೆಯೋರೂ ಇಲ್ಲೇ ಮಲಗಿದ್ರು.”

ಕೆಪಾಸ್ ಬಂದೂಕಿನ ಹಿಡಿಯಿಂದ ಅವನ ಬಾಯಿಗೆ ಗುದ್ದಿದ. ಹಲ್ಲುಗಳು ಮೇಜಿನ ಮೇಲೆ ಉದುರಿದವು. ಅವನನ್ನು ಕುರ್ಚಿಯಿಂದ ಕೆಳಗೆ ಕೆಡವಿ, ತಾನೇ ಕೂತು ಊರು ಹುಡುಕಿ ಆರಿಸಿದ. ಪಟ್ಟಿ ಮೂಡಿತು. ಅಷ್ಟರಲ್ಲಿ ಅಂಬಾಯಿ ಎದ್ದು ಕಂಪ್ಯೂಟರನ್ನು ಬಾಚಿ ಸಿಮೆಂಟಿನ ನೆಲಕ್ಕೆ ಅಪ್ಪಳಿಸಿದ. ಮಚ್ಚಿನವನು ಬೀಸಿದ. ಅಂಬಾಯಿ ಎಡಗೈ ಅಡ್ಡ ಹಿಡಿದ. ಸೌದೆ ಸೀಳಿದಂಥ ಸದ್ದಾಯಿತು. ನನ್ನ ಬಿಳಿ ಉಡುಪು ಕೆಂಪಾಯಿತು. ಮತ್ತೊಂದು ಏಟಿಗೆ ಮಚ್ಚು ಎದ್ದಾಗ ಕೆಪಾಸನೇ ತಡೆದ. “ಬಿಡು. ತಂಗಿ ಗಂಡ.”

ಆದರೆ ಪಟ್ಟಿಯ ಮೊದಲ ಹೆಸರನ್ನೂ ಅದರ ಮುಂದಿನ ವಾರ್ಡನ್ನೂ ಅವನು ಓದಿಬಿಟ್ಟಿದ್ದ: ಪೊಕೆಯಾ. ತೊಡೆ ಮುರಿದು, ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ ಮುದುಕ. ಅವನನ್ನು ಮಂಚದ ಮೇಲೆಯೇ ಗುಂಡಿಟ್ಟು ಕೊಂದರು. ಉಳಿದ ಟಿಂಡಾಪರನ್ನು ಅಷ್ಟರಲ್ಲಿ ನನ್ನ ಜೊತೆಯ ನರ್ಸುಗಳು ಹಿಂಬಾಗಿಲಿನಿಂದ ಸಾಗಿಸಿದ್ದರು.

ಕೈ ತೆಗೆದ ಮೇಲೆ ಬಂದ ಜ್ವರದಲ್ಲಿ ಅಂಬಾಯಿ ಕೇಳುತ್ತಿದ್ದುದು ಒಂದೇ.

“ಸಿಸ್ಟರ್, ಆ ತಾತನ್ನ ಕೊಂದಿದ್ದು ನಾನಾ?”

“ಕೊಂದೋನು ಕೆಪಾಸ್ ಕಣೋ,” ಎಂದರೆ ಗೋಡೆಯ ಕಡೆ ತಿರುಗಿಕೊಳ್ಳುವನು.

ಹೊಸ ಕಂಪ್ಯೂಟರ್ ಬಂದಾಗ ಒಂದೇ ಕೈಯಲ್ಲಿ ಆಯ್ಕೆ ಪುಟವನ್ನು ಮತ್ತೆ ಕಟ್ಟಿದ. ಈ ಸಲ ತಿಂಗಳು ಮತ್ತು ಗಾಯ ಮಾತ್ರ. ಕೆಳಗೆ ಬರುವುದು ಬರೀ ಸಂಖ್ಯೆ. ಕಚೇರಿಯಿಂದ ಫೋನ್ ಬಂತು, ಊರು ಎಲ್ಲಿ ಹೋಯಿತೆಂದು.

“ಊರು ಬೇಕಾದ್ರೆ ಬಂದು ಕಣ್ಣಾರೆ ನೋಡಿ ಸ್ವಾಮಿ,” ಎಂದ ಅಂಬಾಯಿ. “ಡೇರೆ ನಾನೇ ಹೊರ್ತೀನಿ. ಒಂದ್ ಕೈ ಇನ್ನೂ ಇದೆ.”

ಅವರು ಬರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಟಿಂಡಾಪರು ಕೆಪಾಸನನ್ನು ನಡುರಸ್ತೆಯಲ್ಲಿ ಕೊಚ್ಚಿ ಹಾಕಿದರು. ಸುದ್ದಿ ಬಂದಾಗ ಪಸೋನೆ ಒಲೆಯ ಮುಂದಿನಿಂದ ಏಳಲಿಲ್ಲ. “ನಿನ್ ಕೈ ತಿಂದೋನಿಗೆ ನಾನ್ಯಾಕೆ ಅಳ್ಲಿ,” ಎಂದಳು.

ಅಂಬಾಯಿ ಒಬ್ಬನೇ ಹೋದ. ಸಾವಿನ ಮನೆಯ ಚಪ್ಪರದಡಿ, ಮೈಗೆಲ್ಲ ಕೆಸರು ಬಳಿದುಕೊಂಡು ಅಳುತ್ತಿದ್ದ ಹೆಂಗಸರ ನಡುವೆ, ಕೆಪಾಸನ ತಾಯಿಯ ಪಕ್ಕದಲ್ಲಿ ಕೂತ. ಆ ಮುದುಕಿ ಅವನ ಮೊಂಡುಗೈಯನ್ನು ಎಳೆದು ಮಡಿಲಲ್ಲಿಟ್ಟುಕೊಂಡಳು. ಹೊತ್ತು ಇಳಿಯುವವರೆಗೂ ಬಿಡಲಿಲ್ಲ.