ಅತ್ತೆಯ ಜಾಗದ ಬಾಣಂತಿ

ಇವತ್ತು ಬೆಳಿಗ್ಗೆ ಜನ್ನಾಪುರದ ಬಸ್ ಸ್ಟಾಪ್ ಪಕ್ಕ ತಳ್ಳುಗಾಡಿಯಲ್ಲಿ ಗೆಣಸು ಬೇಯುತ್ತಿತ್ತು. ಆ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರಬಹುದು. ನನಗೆ ಹಂದಿಗಳು ನೆನಪಾಗುತ್ತವೆ. ನಗಬೇಡಿ ಮಾರಾಯ್ರೆ, ಊರುಹಂದಿಯಲ್ಲ, ಕಾಡುಹಂದಿ!

ಸರೋಜತ್ತೆ ನಮ್ಮಪ್ಪನ ತಂಗಿ. ಮಕ್ಕಳಿಲ್ಲ. ಇದೇ ಜನ್ನಾಪುರದ ಬಾಡಿಗೆ ಮನೆಯಲ್ಲಿ ವರ್ಷಗಟ್ಟಲೆ ಇದ್ದು, ಕೊನೆಗೆ ಮಲವಗೊಪ್ಪದ ಆಚೆ ಪೊದೆ ತುಂಬಿದ ಒಂದು ತುಂಡು ಜಮೀನು ತಗೊಂಡಳು. "ಅಡುಗೆಮನೆ ಹೇಗಾದ್ರೂ ಇರ್ಲಿ ಕಣೋ, ಹಾಲ್ ಮಾತ್ರ ದೊಡ್ಡದಿರ್ಬೇಕು. ಹಬ್ಬಕ್ಕೆ ನಿಮ್ಮ ಮಕ್ಕಳೆಲ್ಲ ಬಂದು ಹೊರಳಾಡ್ಬೇಕು" ಅನ್ನುತ್ತಿದ್ದಳು.

ಪೊದೆ ತೆಗೆಸುವ ಉಸ್ತುವಾರಿ ನನ್ನದು. ಜೆಸಿಬಿ ಮುಂದೆ ಮಿಲಿಟರಿ ಆಫೀಸರ್ ಥರ ಕೈ ಬೀಸುತ್ತ ನಡೆದೆ. ಪೊದೆಯೊಳಗಿಂದ "ಹುಫ್!" ಅಂತ ಸದ್ದು ಬಂತು ನೋಡಿ, ಮರುಕ್ಷಣ ಡ್ರೈವರ್ ತೊಡೆ ಮೇಲೆ ಕೂತಿದ್ದೆ. ಹೇಗೆ ಹತ್ತಿದೆನೋ ಆ ಆಂಜನೇಯನಿಗೇ ಗೊತ್ತು!

ಮೇಲಿಂದ ಎಲ್ಲ ಕಂಡಿತು. ಹುಲ್ಲು, ಸೊಪ್ಪು ಕಚ್ಚಿ ತಂದು ಒಟ್ಟಿದ ಹಾಸಿಗೆ. ಬೆನ್ನಿನ ಕೂದಲು ನಿಗುರಿಸಿ ನಿಂತ ತಾಯಿ. ಅದರ ಹೊಟ್ಟೆಯಡಿ ಮೈತುಂಬ ಪಟ್ಟೆಯಿರುವ ಮರಿಗಳು. ಅಯ್ಯೋ, ಎಷ್ಟು ಮುದ್ದು! ಹೆದರಿಕೆ ಮರೆತು, ಕೆಳಗೆ ದೂರದಲ್ಲಿ ನಿಂತಿದ್ದ ಅತ್ತೆಗೆ "ಅತ್ತೇ, ಮರಿ! ಮರಿ!" ಅಂತ ಕೂಗಿದೆ.

"ಒಂದು ಹಾರನ್ ಹೊಡೆದ್ರೆ ಓಡ್ತಾವಮ್ಮ" ಅಂದ ಡ್ರೈವರ್.

ಅತ್ತೆ ರೇಗಿದಳು. "ಬಾಣಂತಿ ತಲೆ ಮೇಲೆ ಹಾರನ್ ಹೊಡೀತೀಯೇನೋ? ತಿರುಗ್ಸು ಗಾಡಿ!"

ಬಾಣಂತನ ಮುಗಿಯಲಿ ಅಂತ ಕಾದೆವು. ಮರಿಗಳು ಬಲಿತವು, ಜಾಗ ಬಿಡಲಿಲ್ಲ. ಸುತ್ತಮುತ್ತ ಲೇಔಟ್ ಬಂದು ಪೊದೆಗಳೆಲ್ಲ ಬಯಲಾಗುತ್ತಿದ್ದವು. "ಇವು ಎಲ್ಲಿಗೆ ಹೋಗ್ಬೇಕೋ ಪಾಪ" ಅಂತ ಅತ್ತೆ ಒಂದು ಮೂಲೆಯಲ್ಲಿ ಹಾಲ್ ಕೂಡ ಇಲ್ಲದ ಎರಡು ಕೋಣೆ ಕಟ್ಟಿಸಿಕೊಂಡಳು. ಪೊದೆಗೆ ಕತ್ತಿ ತಾಗಿಸಲಿಲ್ಲ. ಹಂದಿಗಳು ಇಲ್ಲೇ ತಿಂದುಕೊಂಡಿರಲಿ, ಪಕ್ಕದವರ ಜೋಳಕ್ಕೆ ನುಗ್ಗದಿರಲಿ ಅಂತ ಅಂಚಿಗೆ ಗೆಣಸಿನ ಬಳ್ಳಿ ನೆಟ್ಟಳು. ನಾನಂತೂ, ನಮ್ಮತ್ತೆಗೆ ತಲೆ ಕೆಟ್ಟಿದೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ.

ವರ್ಷವರ್ಷ ಅಲ್ಲೇ ಮರಿ ಹಾಕುತ್ತಿದ್ದವು. ಹೋದ ವರ್ಷ ಮಾತ್ರ ಒಂದೂ ಬರಲಿಲ್ಲ. ಗೆಣಸು ನೆಲದಲ್ಲೇ ಕೊಳೆಯಿತು, ಅತ್ತೆಗೆ ಊಟ ಸೇರುತ್ತಿರಲಿಲ್ಲ. ನನಗೂ ಸಂಕಟವಾಯಿತು ಅಂದರೆ ನಂಬುತ್ತೀರಾ?

ಇವತ್ತು ಆ ಗೆಣಸಿನ ಗಾಡಿಯ ಮುಂದೆ ನಿಂತಿದ್ದಾಗಲೇ ಫೋನ್ ಬಂತು. "ಬೇಗ ಬಾರೋ!" ಅಷ್ಟೇ ಹೇಳಿ ಅತ್ತೆ ಇಟ್ಟುಬಿಟ್ಟಳು. ಒಂದು ಚೀಲ ಗೆಣಸು ಕಟ್ಟಿಸಿಕೊಂಡು ಸಿಕ್ಕಿದ ಬಸ್ ಹತ್ತಿದೆ.

ಅತ್ತೆ ಅಡುಗೆಮನೆಯ ಕಿಟಕಿಗೆ ಮುಖ ಒತ್ತಿ ನಿಂತಿದ್ದಳು. ನಾನೂ ಪಕ್ಕ ನಿಂತು ಇಣುಕಿದೆ. ಹಾಲ್ ಇರಬೇಕಿದ್ದ ಜಾಗದಲ್ಲಿ ಪಟ್ಟೆಮರಿಗಳು ಒಂದರ ಮೇಲೊಂದು ಬಿದ್ದು ಕುಣಿಯುತ್ತಿದ್ದವು.

ಅತ್ತೆ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ನೋಡೋ, ಹೇಗೆ ಹೊರಳಾಡ್ತಿವೆ!"