ವಿಶ್ವ ನಾನು ನೋಡ್ಕೊಳ್ತೀನಿ

ಭೌತಶಾಸ್ತ್ರದ ಮೇಡಂ ಬಾಯಿಗೆ ಹೆದರದವರು ಆ ಕಾಲೇಜಿನಲ್ಲಿ ಇರಲಿಲ್ಲ. ಎದುರಿಗೆ ಬಂದರೆ ಪ್ರಾಂಶುಪಾಲರೂ ದಾರಿ ಬದಲಿಸುತ್ತಿದ್ದರು. ಅಂಥವರು ಇವತ್ತು ಪ್ರಯೋಗಾಲಯದ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ಒಳಗೆ ಅಟೆಂಡರ್ ಹನ್ನೆರಡು ಸ್ಟಾಪ್‌ವಾಚುಗಳನ್ನು ಹರವಿಕೊಂಡು ಕೂತಿದ್ದ. ಸೋಮವಾರ ಬಂತೆಂದರೆ ಅವನಿಗೆ ಇದೇ ಕೆಲಸ. ಎರಡೆರಡನ್ನು ಒಟ್ಟಿಗೆ ಓಡಿಸಿ, ಯಾವುದು ಎಷ್ಟು ಮುಂದೆ, ಯಾವುದು ಎಷ್ಟು ಹಿಂದೆ ಎಂದು ಚೀಟಿ ಬರೆದು ಕಟ್ಟುತ್ತಿದ್ದ. ಅದಕ್ಕೇ ಹುಡುಗರು ಅವನನ್ನು ಚೀಟಿಯಣ್ಣ ಎನ್ನುತ್ತಿದ್ದರು.

ಆರು ವರ್ಷದ ಹಿಂದೆ ಮೇಡಂ ಇಲ್ಲೇ ಪಾಠ ಮಾಡಿದ್ದರು. ದೂರದಲ್ಲಿ ಸಿಡಿದ ನಕ್ಷತ್ರಗಳು ಲೆಕ್ಕಕ್ಕಿಂತ ಮಂಕಾಗಿವೆ, ಅಂದರೆ ಅವು ಇನ್ನೂ ದೂರದಲ್ಲಿವೆ, ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿದೆ, ಹಾಗೆ ತಳ್ಳುತ್ತಿರುವುದು ಡಾರ್ಕ್ ಎನರ್ಜಿ ಎಂಬ ಕಾಣದ ಶಕ್ತಿ. ಹಿಂದೆ ನಿಂತಿದ್ದ ಚೀಟಿಯಣ್ಣ ತಡೆಯಲಾರದೆ ಕೇಳಿಬಿಟ್ಟ: ಅಲ್ಲಿನ ಗಡಿಯಾರವೂ ಇಲ್ಲಿನದೂ ಒಂದೇ ಸಮ ಓಡುತ್ತವೆಯೆಂದು ಯಾರಾದರೂ ಹೋಲಿಸಿ ನೋಡಿದ್ದಾರೆಯೇ?

“ನೀವು ಗಾಜು ತೊಳೀರಿ, ವಿಶ್ವ ನಾನು ನೋಡ್ಕೊಳ್ತೀನಿ,” ಎಂದಿದ್ದರು ಮೇಡಂ. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಆಮೇಲೆ ಅವನು ಪಾಠದ ಹೊತ್ತಿಗೆ ಒಳಗೆ ಬರಲೇ ಇಲ್ಲ.

ನಿನ್ನೆ ಮೇಡಂ ಒಂದು ಲೇಖನ ಓದಿದರು. ಗೆಲಾಕ್ಸಿಗಳು ಗಿಜಿಗುಡುವ ಕಡೆ ಗುರುತ್ವದಿಂದ ಕಾಲ ನಿಧಾನ, ಅವಿಲ್ಲದ ಬಟ್ಟಬಯಲಲ್ಲಿ ಚುರುಕು. ಎರಡನ್ನೂ ಒಂದೇ ಗಡಿಯಾರದಿಂದ ಅಳೆದದ್ದಕ್ಕೇ ವೇಗ ಹೆಚ್ಚಿದಂತೆ ಕಾಣುತ್ತಿರಬಹುದು, ತಳ್ಳುವ ಶಕ್ತಿಯೇ ಬೇಕಿಲ್ಲ ಎಂದು ಕೆಲವು ವಿಜ್ಞಾನಿಗಳ ವಾದ. ಹೆಚ್ಚಿನವರು ಒಪ್ಪಿಲ್ಲ, ನಿಜ. ಆದರೆ ಪ್ರಶ್ನೆ ಚೀಟಿಯಣ್ಣನದೇ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಮೇಡಂಗೆ.

ಅದನ್ನೆಲ್ಲ ಹೇಳಿ ಅವರು ಈಗ ಕ್ಷಮೆ ಕೇಳಿದರು. ಅವನು ಚೀಟಿಗೆ ದಾರ ಕಟ್ಟುವುದನ್ನು ನಿಲ್ಲಿಸಲಿಲ್ಲ.

“ನಂದೇನಿಲ್ಲ ಬಿಡಿ ಮೇಡಂ. ಅವತ್ತು ಮುಂದಿನ ಬೆಂಚಲ್ಲಿ ನನ್ನ ಮಗಳಿದ್ದಳು. ಇವರೇ ನಮ್ಮಪ್ಪ ಅಂತ ಯಾರಿಗೂ ಹೇಳಿರ್ಲಿಲ್ಲ. ಎಲ್ಲರ ಜೊತೆ ಅವಳೂ ನಕ್ಕಳು. ನಕ್ಕುಬಿಟ್ಟೆನಲ್ಲ ಅನ್ನೋ ಸಂಕಟಕ್ಕೆ ಇವತ್ತಿಗೂ ನನ್ನ ಮುಖ ನೋಡಿ ಮಾತಾಡಲ್ಲ.”

ಮೇಡಂ ಮೇಜಿನ ಹತ್ತಿರ ಬಂದರು. ಒಬ್ಬನನ್ನು ನಗೆಪಾಟಲು ಮಾಡಿದೆ ಎಂದುಕೊಂಡು ಬಂದಿದ್ದರು; ಒಡೆದದ್ದು ಒಂದು ಮನೆ. ಮಗಳ ನಂಬರ್ ಕೇಳಿ, ಅಲ್ಲೇ ನಿಂತು ಫೋನ್ ಮಾಡಿದರು.

“ನಾನಮ್ಮ, ನಿಮ್ಮ ಭೌತಶಾಸ್ತ್ರದ ಮೇಡಂ. ಅವತ್ತು ನಿಮ್ಮಪ್ಪ ಕೇಳಿದ್ದು ಸರಿಯಾಗಿತ್ತು. ನಿಮ್ಮನ್ನೆಲ್ಲ ನಗಿಸಿದ್ದು ನಾನು. ತಪ್ಪು ನಂದು.”

ಆ ಕಡೆಯಿಂದ, “ಅಪ್ಪ ಅಲ್ಲೇ ಇದ್ದಾರಾ?” ಎಂದಷ್ಟೇ ಕೇಳಿತು.

ಮೇಡಂ ಫೋನನ್ನು ಅವನ ಕೈಗಿಟ್ಟರು. ಮೂಲೆಯ ತೊಟ್ಟಿಯಲ್ಲಿ ಬೆಳಗಿನ ಪ್ರಯೋಗದ ಬೀಕರುಗಳು ಹಾಗೇ ಬಿದ್ದಿದ್ದವು. ಅವರು ನಲ್ಲಿ ತಿರುಗಿಸಿ ತೊಳೆಯಲು ನಿಂತರು.