ತಿಕೋಟದ ಮಲ್ಲಪ್ಪನ ಮೇಲೆ ಹೊರಿಸಿದ್ದು

ನೀಲವ್ವನ ಕೆನ್ನೆಯನ್ನು ಸುಟ್ಟು ಹಾಳು ಮಾಡಿದವನು ನಾನು. ತಿಕೋಟದ ಮಲ್ಲಪ್ಪನಲ್ಲ. ಮಲ್ಲಪ್ಪನ ಹೆಸರು ಹೇಳಿದವನೂ ನಾನೇ — ಯಾರೂ ಒತ್ತಾಯ ಮಾಡಿರಲಿಲ್ಲ, ನಾಲಿಗೆ ತಾನಾಗಿ ಹೊರಳಿತು.

ಎರಡನೇ ಮಹಾಯುದ್ಧದ ದಿನಗಳು. ವಿಜಾಪುರದಲ್ಲಿ ನಾನು ಹೊಸದಾಗಿ ದವಾಖಾನೆ ತೆರೆದಿದ್ದೆ. ಬಬಲೇಶ್ವರದ ರೈತ ಬಸಪ್ಪ ತನ್ನ ಹೆಂಡತಿ ನೀಲವ್ವನನ್ನು ಚಕ್ಕಡಿಯಲ್ಲಿ ಕರೆತಂದ. ಸುಣ್ಣ ತಿಕ್ಕಿದ ತಂಬಾಕನ್ನು ವರ್ಷಗಟ್ಟಲೆ ಒತ್ತಿಟ್ಟುಕೊಂಡ ಎಡಗೆನ್ನೆ. ಒಳಗೆ ಒಂದು ಗಂಟು, ಅದರ ನೆತ್ತಿಯಲ್ಲಿ ಹುಣ್ಣು. ಮೊದಲು ತಿಕೋಟದ ಮಲ್ಲಪ್ಪ ಎಂಬ ನಾಟಿ ವೈದ್ಯನಿಗೆ ತೋರಿಸಿದ್ದರು. ಅವನು ಯಾವುದೋ ಎಲೆ ಅರೆದು ಕೆನ್ನೆಯ ಹೊರಮೈಗೆ ಹಚ್ಚಿದ್ದ. ಅಷ್ಟೇ.

ನೀಲವ್ವ ಬಾಯಿ ತೆರೆದಳು. ಕೊಳೆತ ಮಾಂಸದ ನಾತ — ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅದು ಅರ್ಬುದ, ಕ್ಯಾನ್ಸರ್ ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಬೆರಳು ಹಾಕಿ ಗಂಟಿನ ಸುತ್ತಲಿನ ಮಾಂಸವನ್ನು ಒತ್ತಿ ನೋಡಬೇಕಿತ್ತು, ಕುತ್ತಿಗೆ ಮುಟ್ಟಬೇಕಿತ್ತು, ಆಗಲೇ ಮುಂಬಯಿಗೆ ಕಳಿಸಬೇಕಿತ್ತು. ನನ್ನ ಬೆರಳು ಆ ಬಾಯಿಗೆ ಹೋಗಲು ಒಪ್ಪಲಿಲ್ಲ. ಕೈ ಉದ್ದಕ್ಕೆ ಚಾಚಿ, ಉಸಿರು ಬಿಗಿಹಿಡಿದು, ಸುಡುವ ಔಷಧದ ಕಡ್ಡಿಯನ್ನು ಗಂಟಿಗೆ ತಾಗಿಸಿದೆ.

ನನ್ನ ಮುಖ ನೋಡಿ ಅವಳೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. "ಭಾಳ ನಾರತೈತ್ರಿ, ಸಾಹೇಬ್ರ. ನಿಮಗ ತ್ರಾಸ ಆಗತೈತಿ," ಎಂದಳು. ನೋವು ಅವಳದು, ಸಂಕೋಚವೂ ಅವಳದೇ.

ಸುಟ್ಟ ಮೇಲ್ಪದರ ಕಳಚಿ ಬಿದ್ದಿತು. "ಕಡಿಮಿ ಆಗಾಕತ್ತೈತಿ," ಎಂದೆ. ಮುಂದಿನ ಸಲ ಬಂದಾಗ ಗಂಟಿನ ಅಂಚು ಮತ್ತೆ ಎದ್ದಿತ್ತು. ಮತ್ತೆ ಸುಟ್ಟೆ. ಹೀಗೆ ತಿಂಗಳುಗಳೇ ಕಳೆದವು. ನಾನು ನೋಡುತ್ತಿದ್ದುದು ಗಂಟನ್ನು ಮಾತ್ರ — ಅದು ಬೇರುಬಿಟ್ಟು ಕುಳಿತ ನೆಲವನ್ನಲ್ಲ. ಸುತ್ತಲಿನ ಕೆನ್ನೆ ದಿನೇ ದಿನೇ ಬಿಳಿಚಿ ಬಿರುಸಾಗುತ್ತಿತ್ತು. ಕಂಡೂ ಕಾಣದವನಂತಿದ್ದೆ. ಕೊನೆಗೆ ಬಾಯಿಯೊಳಗೆ ಚಮಚವೂ ಹೋಗದಂತಾದಾಗ, ಬಸಪ್ಪನ ಜೊತೆ ನಾನೂ ಹೊರಟು ಅವಳನ್ನು ಮುಂಬಯಿಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ.

ಅಲ್ಲಿಯ ಹಿರಿಯ ವೈದ್ಯರು ಕೈ ತೊಳೆದುಕೊಂಡು ಬಂದು, ಮುಖ ಕಿವುಚದೆ, ನಾನು ಎಂದೂ ಮಾಡದ್ದನ್ನು ಮಾಡಿದರು — ಬೆರಳು ಹಾಕಿ ಬಹಳ ಹೊತ್ತು ಮುಟ್ಟಿ ನೋಡಿದರು. ಆಮೇಲೆ ನಮ್ಮಿಬ್ಬರನ್ನೂ ಹೊರಗೆ ಕರೆದು, ಬಸಪ್ಪನಿಗೂ ತಿಳಿಯಲೆಂದು ಮರಾಠಿಯಲ್ಲಿ ಹೇಳಿದರು. ಸುಟ್ಟು ಸುಟ್ಟು ಗಂಟಿನ ಸುತ್ತಲಿನ ಮಾಂಸ ಒಣಗಿದ ತೊಗಲಿನಂತಾಗಿದೆ. ಅಲ್ಲಿ ರಕ್ತ ಸರಿಯಾಗಿ ಓಡಾಡುತ್ತಿಲ್ಲ. ಅಂಥ ಕಡೆ ಗಂಟು ಕರಗಿಸಲು ರೇಡಿಯಂ ಸೂಜಿ ಇಟ್ಟರೂ ಅದು ಬಗ್ಗುವುದಿಲ್ಲ, ಸೂಜಿ ಇಟ್ಟ ಗಾಯವೂ ಮಾಯುವುದಿಲ್ಲ. ಮೊದಲೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು.

"ಹೀಗೆ ಸುಟ್ಟವರು ಯಾರು?" ಎಂದು ಕೇಳಿದರು.

ಬಸಪ್ಪ ನನ್ನ ಕಡೆ ನೋಡಿದ. ಆರೋಪಿಸಲು ಅಲ್ಲ. ನನ್ನ ಕಡ್ಡಿ ಔಷಧವೆಂದೇ ಅವನು ನಂಬಿದ್ದ. ಉತ್ತರ ನನ್ನಿಂದ ಬರಲೆಂದು ಕಾಯುತ್ತಿದ್ದ.

"ತಿಕೋಟದಲ್ಲಿ ಒಬ್ಬ ನಾಟಿ ವೈದ್ಯ ಇದ್ದಾನೆ," ಎಂದೆ. "ಅವನ ಎಲೆಯ ಮದ್ದು."

ನೀಲವ್ವ ಊರಿಗೆ ಮರಳಿ ಬಂದು, ಆ ಸುಗ್ಗಿ ಮುಗಿಯುವುದರೊಳಗೆ ತೀರಿಕೊಂಡಳು. ಬಸಪ್ಪ ತಿಕೋಟಕ್ಕೆ ಹೋಗಿ ಸಂತೆಯ ನಡುವೆ ನಿಂತು ನನ್ನ ಮಾತನ್ನೇ ಹೇಳಿದ. ಜನ ಮಲ್ಲಪ್ಪನ ಕಟ್ಟೆ ಹತ್ತುವುದನ್ನು ಬಿಟ್ಟರು.

ಇಷ್ಟಕ್ಕೇ ಮುಗಿದಿದ್ದರೆ ಹೇಡಿತನ ಅನ್ನಬಹುದಿತ್ತೇನೋ — ಆದರೆ ಮಲ್ಲಪ್ಪ ನನ್ನ ದವಾಖಾನೆಗೇ ಬಂದ. ಜಗಳಕ್ಕಲ್ಲ. ಬಾಗಿಲ ಬಳಿ ಚಪ್ಪಲಿ ಬಿಟ್ಟು, ಕೈ ಮುಗಿದು ನಿಂತ.

"ಸಾಹೇಬ್ರ, ನೀವು ಕಲ್ತವರು. ಖರೇ ಹೇಳ್ರಿ. ನನ್ನ ಎಲಿಯಿಂದ ಹಂಗ ಆಗತೈತೇನ್ರಿ?"

ಆಗುವುದಿಲ್ಲ ಎಂಬ ಒಂದು ಮಾತು ಸಾಕಿತ್ತು. ನಾನು ಔಷಧದ ಸೀಸೆಗಳ ಕಡೆ ತಿರುಗಿ, "ಆಗಿರಬಹುದು," ಎಂದೆ. ಅವನು ತಲೆಯಾಡಿಸಿ ಹೋದ. ನೀಲವ್ವನ ಬಾಯಿಯ ನಾತಕ್ಕೆ ಹೇಸಿದವನು ನಾನು. ಅಂದು ನನ್ನ ಬಾಯಿಂದ ಬಂದದ್ದಕ್ಕೆ ಹೇಸಲಿಲ್ಲ. ಹೇಸಿಕೆ ಆಮೇಲೆ ಬಂತು, ಬಂದದ್ದು ಇನ್ನೂ ಹೋಗಿಲ್ಲ. ಈಗಲೂ ಊಟದ ಮುಂದೆ ಕುಳಿತಾಗ ನನ್ನದೇ ಉಸಿರು ನನಗೆ ಹೊಲಸೆನಿಸುತ್ತದೆ.

ಮಲ್ಲಪ್ಪ ಸತ್ತು ವರ್ಷಗಳಾದವು. ಮೊನ್ನೆ ತಿಕೋಟಕ್ಕೆ ಹೋಗಿ ಅವನ ಮಗಳು ಶಾಂತವ್ವನ ಎದುರು ಎಲ್ಲವನ್ನೂ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದವಳು ಮೊರವನ್ನು ಪಕ್ಕಕ್ಕಿಟ್ಟು ಕೇಳಿದಳು. ಬಯ್ಯಲಿಲ್ಲ. ಕೇಳಿ ಮುಗಿದ ಮೇಲೆ ಅಂದಳು:

"ನಮ್ಮಪ್ಪ ಸಾಯೂತನಕ ತನ್ನ ಕೈಲೆ ಉಣ್ಣಲಿಲ್ರಿ. ಈ ಕೈ ಹೊಲಸ ಐತಿ, ಒಬ್ಬಾಕಿನ್ನ ಕೊಂದೈತಿ ಅಂತಿದ್ದ. ನಾನ ತುತ್ತು ಮಾಡಿ ಬಾಯಾಗ ಇಡತಿದ್ದೆ."

ಕ್ಷಮಿಸು ಎಂದು ನಾನು ಕೇಳಲಿಲ್ಲ. ಕೇಳಬಾರದು ಕೂಡ. ಅವಳು ಮತ್ತೆ ಮೊರ ಎತ್ತಿಕೊಂಡಳು, ನಾನು ಎದ್ದು ಬಂದೆ.

ಬಸಪ್ಪ ಇನ್ನೂ ಬದುಕಿದ್ದಾನೆ. ವಿಜಾಪುರಕ್ಕೆ ಬಂದಾಗಲೆಲ್ಲ ನನಗೆ ಕೈ ಮುಗಿಯುತ್ತಾನೆ — ಮುಂಬಯಿಯವರೆಗೂ ಜೊತೆಗೆ ಬಂದ ಡಾಕ್ಟರ ಎಂದು. ನಾಳೆ ಬೆಳಿಗ್ಗೆ ನಾನು ಬಬಲೇಶ್ವರಕ್ಕೆ ಹೋಗುತ್ತಿದ್ದೇನೆ. ಅವನು ಕೈ ಮುಗಿಯುವ ಮೊದಲೇ ಹೇಳಬೇಕು.